ಹೈಡ್ರೆಂಟ್ ಇಲ್ಲದ ಊರಿಗೆ ಫೈರ್ ಇಂಜಿನ್ ಬಂದರೆ ನೀರು ಎಲ್ಲಿಂದ?

ಹುಲ್ಲಿನ ಮೆದೆಗೋ ಆಲೆಮನೆಗೋ ಬೆಂಕಿ ಬಿತ್ತು ಅಂದ ತಕ್ಷಣ ಊರಿನವರು ಕೇಳುವುದು ಒಂದೇ, "ಫೈರ್ ಇಂಜಿನ್‌ಗೆ ಫೋನ್ ಮಾಡಿದ್ರಾ?" ಗಾಡಿ ತಾಲೂಕು ಕೇಂದ್ರದಿಂದ ಬರುತ್ತದೆ. ಹೋಸ್ ಬಿಚ್ಚುತ್ತಾರೆ, ನೀರು ಹೊಡೆಯುತ್ತಾರೆ. ಸ್ವಲ್ಪ ಹೊತ್ತಿಗೆಲ್ಲ ಟ್ಯಾಂಕ್ ಖಾಲಿ. ಮತ್ತೆ ತುಂಬಿಸಿಕೊಂಡು ಬರಲು ಗಾಡಿ ಹೊರಟರೆ, "ಅರ್ಧಕ್ಕೇ ಬಿಟ್ಟು ಹೋದ್ರು" ಅಂತ ಬೈಗುಳ. ಪಾಪ, ಅವರೇನು ಮಾಡುತ್ತಾರೆ? ಲೆಕ್ಕ ಇರುವುದೇ ಹಾಗೆ.

ನಮ್ಮ ಕಡೆ ಓಡಾಡುವ ಸಾಮಾನ್ಯ ಜಲವಾಹನದ ಟ್ಯಾಂಕ್ 4,500 ಲೀಟರಿನದು. ಅದರ ಪಂಪು 7 ಕೆ.ಜಿ. ಒತ್ತಡದಲ್ಲಿ (ಅಂದರೆ ಒಂದು ಚದರ ಸೆಂ.ಮೀ. ಮೇಲೆ 7 ಕೆ.ಜಿ.) ನಿಮಿಷಕ್ಕೆ 1,800 ಲೀಟರ್ ತಳ್ಳಬಲ್ಲದು. ಅಂದರೆ ಪಂಪಿನ ಪೂರ್ತಿ ಶಕ್ತಿ ಬಳಸಿದರೆ ಟ್ಯಾಂಕ್ ಎರಡೂವರೆ ನಿಮಿಷಕ್ಕೆ ಬರಿದು. ಹಾಗೆ ಯಾರೂ ಬಳಸುವುದಿಲ್ಲ ಅನ್ನಿ. ನೀರು ಹೊಡೆಯುವ ಬ್ರಾಂಚಿನ ತುದಿಯ ನಾಜಲ್ 20 ಮಿ.ಮೀ. ಇದ್ದು, ಅಲ್ಲಿ ಮೂರೂವರೆ ಕೆ.ಜಿ. ಒತ್ತಡ ಸಿಕ್ಕರೆ ನಿಮಿಷಕ್ಕೆ ಸುಮಾರು 500 ಲೀಟರ್ ಹೋಗುತ್ತದೆ. ಟ್ಯಾಂಕ್ ಒಂಬತ್ತು ನಿಮಿಷ ಬರುತ್ತದೆ. ನಾಜಲ್ 12.5 ಮಿ.ಮೀ. ಆದರೆ ಸುಮಾರು 195 ಲೀಟರ್, ಇಪ್ಪತ್ಮೂರು ನಿಮಿಷ. ಗಾಡಿಯ ಪಕ್ಕದಲ್ಲಿ ಸುತ್ತಿಟ್ಟಿರುವ ಸಣ್ಣ ರಬ್ಬರ್ ಹೋಸ್ ರೀಲ್‌ನಲ್ಲಿ ನಿಮಿಷಕ್ಕೆ 100 ಲೀಟರ್ ಬಿಟ್ಟರೆ ಮುಕ್ಕಾಲು ಗಂಟೆ.

ದೊಡ್ಡ ನಗರಗಳಲ್ಲಿ ಬೀದಿ ಬೀದಿಗೆ ಹೈಡ್ರೆಂಟ್ ಇರುವ ಕಡೆ ಈ ತಲೆನೋವು ಕಡಿಮೆ. ರಸ್ತೆಯಡಿ ದಪ್ಪ ಪೈಪು, ಅದರಲ್ಲಿ ಯಾವಾಗಲೂ ಒತ್ತಡ, ಹೋಸ್ ಸಿಕ್ಕಿಸಿದರೆ ನೀರು. ನಮ್ಮ ಹಳ್ಳಿಗಳಲ್ಲಿ, ಮೈಸೂರು ಸುತ್ತಲಿನ ಹೊಸ ಬಡಾವಣೆಗಳಲ್ಲಿ ನಲ್ಲಿ ನೀರು ಬರುವುದೇ ಹೊತ್ತು ಗೊತ್ತು ನೋಡಿಕೊಂಡು. ಪೈಪೂ ಸಣ್ಣದು. ಹಾಗಾಗಿ ಬೇರೆ ದಾರಿಗಳೇ ಗತಿ. ಯಾವುದು ಯಾವ ಊರಿಗೆ ಹೊಂದುತ್ತದೆ ಅಂತ ಇಲ್ಲಿ ನೋಡೋಣ. ಗ್ರಾಮ ಪಂಚಾಯಿತಿ ಸದಸ್ಯರು, ಬಡಾವಣೆಯ ಸಂಘದವರು, ಆಲೆಮನೆ ಅಥವಾ ತೆಂಗಿನ ನಾರಿನ ಫ್ಯಾಕ್ಟರಿ ಇಟ್ಟುಕೊಂಡವರು ಇದನ್ನು ಓದುತ್ತಿದ್ದಾರೆ ಅಂದುಕೊಂಡು ಬರೆಯುತ್ತಿದ್ದೇನೆ.

ಟ್ಯಾಂಕರ್ ಓಡಿಸುವುದು

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಒಂದು ಗಾಡಿ ಬೆಂಕಿ ಹತ್ತಿರ ನಿಂತಿರಲಿ, ಉಳಿದವು ನೀರು ತರುತ್ತಿರಲಿ. ಇಲ್ಲಿ ಟ್ಯಾಂಕರ್ ಎಷ್ಟು ದೊಡ್ಡದು ಅಂತ ನೋಡಿ ಖುಷಿಪಡಬೇಡಿ. ಒಂದು ಸುತ್ತಿಗೆ ಎಷ್ಟು ನಿಮಿಷ ಹಿಡಿಯುತ್ತದೆ ಅಂತ ಲೆಕ್ಕ ಹಾಕಿ. ತಂದ ಲೀಟರನ್ನು ಆ ನಿಮಿಷಗಳಿಂದ ಭಾಗಿಸಿದರೆ ಬೆಂಕಿಯ ಹತ್ತಿರ ನಿಜವಾಗಿ ಸಿಗುವ ನೀರು ಗೊತ್ತಾಗುತ್ತದೆ.

ಒಂದು ಉದಾಹರಣೆ. ನೀರು ತುಂಬಿಸುವ ಜಾಗ 4 ಕಿ.ಮೀ. ದೂರ. ಹಳ್ಳಿ ರಸ್ತೆಯಲ್ಲಿ ಸರಾಸರಿ 30 ಕಿ.ಮೀ. ವೇಗ ಅಂದರೆ ಹೋಗಿ ಬರಲು 16 ನಿಮಿಷ. ನಿಮಿಷಕ್ಕೆ 900 ಲೀಟರಿನಂತೆ ತುಂಬಿಸಲು 5 ನಿಮಿಷ, ಅಷ್ಟೇ ವೇಗದಲ್ಲಿ ಖಾಲಿ ಮಾಡಲು ಇನ್ನೊಂದು 5, ಎರಡೂ ಕಡೆ ಪೈಪು ಸಿಕ್ಕಿಸಿ ಬಿಚ್ಚಲು 2. ಒಟ್ಟು 28 ನಿಮಿಷ. 4,500 ಲೀಟರಿನ ಗಾಡಿಯಿಂದ ನಿಮಿಷಕ್ಕೆ ಸಿಕ್ಕಿದ್ದು ಬರೀ 160 ಲೀಟರ್. ಒಂದು ಸಣ್ಣ ನಾಜಲ್ಲಿಗೂ ಸಾಲದು.

ಈಗ ಅದೇ ಗಾಡಿಯನ್ನು ಕೊಳವೆ ಬಾವಿಯ ಬಾಯಿಯಲ್ಲಿ ತುಂಬಿಸಿ ನೋಡಿ. ಅಲ್ಲಿ ನಿಮಿಷಕ್ಕೆ 150 ಲೀಟರ್ ಬಂದರೆ ತುಂಬಿಸಲಿಕ್ಕೇ ಅರ್ಧ ಗಂಟೆ. ಒಂದು ಸುತ್ತು 53 ನಿಮಿಷ. ಸಿಗುವುದು ನಿಮಿಷಕ್ಕೆ 85 ಲೀಟರ್. ಗಾಡಿ ಅದೇ, ಡ್ರೈವರ್ ಅದೇ, ರಸ್ತೆ ಅದೇ. ತುಂಬಿಸುವ ಜಾಗ ಕೆಟ್ಟದಾಗಿದ್ದಕ್ಕೆ ಅರ್ಧ ನೀರು ಹೋಯಿತು. ತಿರುಗಿಸಿ ಹೇಳುವುದಾದರೆ, ತುಂಬಿಸುವ ಜಾಗ ಸರಿ ಮಾಡಿದರೆ ಇನ್ನೊಂದು ಟ್ಯಾಂಕರ್ ಕೊಂಡಷ್ಟೇ ಲಾಭ. ಜಾಗ ಒಂದೂವರೆ ಕಿ.ಮೀ. ದೂರದಲ್ಲೇ ಸಿಕ್ಕಿದರೆ ಸುತ್ತು 18 ನಿಮಿಷಕ್ಕೆ ಇಳಿದು ನಿಮಿಷಕ್ಕೆ 250 ಲೀಟರ್ ಆಗುತ್ತದೆ. ಪಂಚಾಯಿತಿ ಸಭೆಯಲ್ಲಿ "ಒಂದು ಟ್ಯಾಂಕರ್ ತರೋಣ" ಅನ್ನುವವರಿಗೆ ಈ ಲೆಕ್ಕ ತೋರಿಸಿ.

12,000 ಲೀಟರಿನ ದೊಡ್ಡ ಬೌಸರ್, ಅಂದರೆ ನೀರು ಹೊರುವ ದೊಡ್ಡ ಗಾಡಿ, ಬಂದರೆ? ಅದು ಸ್ವಲ್ಪ ನಿಧಾನ, ತುಂಬಲು ಖಾಲಿಯಾಗಲು 13 ನಿಮಿಷದಂತೆ ಹಿಡಿಯುತ್ತದೆ. ಅದೇ 4 ಕಿ.ಮೀ. ದೂರಕ್ಕೆ ನಿಮಿಷಕ್ಕೆ 255 ಲೀಟರ್ ಆಸುಪಾಸು. ನೀರು ಮೂರು ಪಟ್ಟು ಹತ್ತಿರ, ಸಿಕ್ಕಿದ್ದು ಒಂದೂವರೆ ಪಟ್ಟು. ಅದನ್ನು ಓಡಾಡಿಸುವುದಕ್ಕಿಂತ ಬೆಂಕಿಯ ಹತ್ತಿರವೇ ನಿಲ್ಲಿಸಿಕೊಂಡು ಮೊದಲ ಗಾಡಿಗೆ ನೀರು ಕೊಡಿಸುವುದು ವಾಸಿ. ಇನ್ನೊಂದು ತೊಂದರೆ ಭಾರದ್ದು. 12,000 ಲೀಟರ್ ನೀರೇ 12 ಟನ್, ಮೇಲೆ ಗಾಡಿಯ ತೂಕ. ಸೀಳುನಾಲೆ ಮೇಲಿನ ಹಳೇ ಮೋರಿಗಳು, ಗದ್ದೆ ಬಯಲಿನ ಮಣ್ಣು ರಸ್ತೆಗಳು ಇದನ್ನು ತಡೆಯುತ್ತವಾ ಅಂತ ಮೊದಲೇ ನೋಡಿರಬೇಕು.

ಟ್ರ್ಯಾಕ್ಟರ್ ಟ್ಯಾಂಕರ್ ಬಗ್ಗೆ ಬಹಳ ಜನಕ್ಕೆ ಸಸಾರ. ಒಂದೊಂದಾಗಿ ನೋಡಿದರೆ ಸರಿಯೇ. 15 ಕಿ.ಮೀ. ವೇಗ, ಹಿಂದಿನ ಸಣ್ಣ ವಾಲ್ವಿನಿಂದ ಖಾಲಿಯಾಗಲು ಹನ್ನೆರಡು ನಿಮಿಷ ಅಂತಿಟ್ಟುಕೊಂಡರೆ 4 ಕಿ.ಮೀ. ದೂರಕ್ಕೆ ನಿಮಿಷಕ್ಕೆ 88 ಲೀಟರ್. ಆದರೆ ಮದುವೆ, ಹಬ್ಬ, ತೋಟದ ನೀರು ಅಂತ ಟ್ಯಾಂಕರ್ ಓಡಿಸುವವರು ಸುತ್ತಮುತ್ತ ನಾಲ್ಕು ಜನ ಇದ್ದೇ ಇರುತ್ತಾರೆ. ಮೂರು ಬಂದರೆ 260 ದಾಟಿತು. ಫೈರ್ ಇಂಜಿನ್ ಇಳಿಯಲಾಗದ ಕಬ್ಬಿನ ಗದ್ದೆ ಬದುವಿಗೂ ಇದು ಹೋಗುತ್ತದೆ. ಅವರ ಫೋನ್ ನಂಬರುಗಳು ಪಂಚಾಯಿತಿ ಕಚೇರಿಯ ಗೋಡೆ ಮೇಲೆ ಇರಬೇಕು, ಅಷ್ಟೇ. ದುಡ್ಡು ಯಾರು ಕೊಡಬೇಕು ಅನ್ನುವುದೂ ಮೊದಲೇ ತೀರ್ಮಾನ ಆಗಿರಲಿ. ಬೆಂಕಿ ಉರಿಯುವಾಗ ಬಾಡಿಗೆ ಮಾತಾಡುವುದು ಚೆನ್ನಾಗಿರುವುದಿಲ್ಲ.

ತಂದ ನೀರನ್ನು ಎಲ್ಲಿ ಸುರಿಯಬೇಕು ಅನ್ನುವುದೂ ದೊಡ್ಡ ವಿಷಯ. ಅಮೆರಿಕದ ಹಳ್ಳಿ ಕಡೆಯ ಅಗ್ನಿಶಾಮಕ ದಳಗಳು ಮಡಚುವ ಕ್ಯಾನ್ವಾಸ್ ತೊಟ್ಟಿಯನ್ನು ಗಾಡಿಯ ಪಕ್ಕಕ್ಕೇ ಕಟ್ಟಿಕೊಂಡು ಬರುತ್ತವೆ. ರಸ್ತೆ ಮೇಲೆ ಅದನ್ನು ಬಿಚ್ಚಿ ನಿಲ್ಲಿಸಿದರೆ ಒಂದು ಸಣ್ಣ ಕೊಳ. ಟ್ಯಾಂಕರ್ ಬಂದು ಅಗಲ ಬಾಯಿಯ ವಾಲ್ವ್ ತೆಗೆದು ದಬದಬ ಸುರಿದು ತಿರುಗಿ ಓಡುತ್ತದೆ, ಇಂಜಿನ್ ಆ ತೊಟ್ಟಿಯಿಂದ ಹೀರಿಕೊಳ್ಳುತ್ತದೆ. ಯಾರೂ ಯಾರಿಗೂ ಕಾಯಬೇಕಿಲ್ಲ. ನಮ್ಮಲ್ಲಿ ಜೆಸಿಬಿಯಿಂದ ಒಂದು ಗುಂಡಿ ತೆಗೆಸಿ ದಪ್ಪ ಟಾರ್ಪಾಲು ಹಾಸಿದರೂ ಕೆಲಸ ನಡೆಯುತ್ತದೆ. ಮೆದೆಯ ಬೆಂಕಿ ಗಂಟೆಗಟ್ಟಲೆ ನಡೆಯುವುದರಿಂದ ಗುಂಡಿ ತೋಡಲು ಸಮಯ ಇರುತ್ತದೆ. ಮನೆಗೆ ಬಿದ್ದ ಬೆಂಕಿಯಲ್ಲಿ ಅಷ್ಟು ಪುರುಸೊತ್ತು ಇಲ್ಲ.

ನಾಲೆ, ಕೆರೆ, ಹೊಳೆ

ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನವರಿಗೆ "ನೀರಿಗೇನ್ ಬರ" ಅನ್ನಿಸುತ್ತದೆ. ನಾಲೆ ತುಂಬಿ ಹರಿಯುವಾಗ ನಿಜಕ್ಕೂ ಇದಕ್ಕಿಂತ ಒಳ್ಳೆಯ ಮೂಲ ಇಲ್ಲ. ಗಾಡಿಯನ್ನು ಏರಿ ಮೇಲೆ ನಿಲ್ಲಿಸಿ ಸಕ್ಷನ್ ಪೈಪು ಇಳಿಸಿದರೆ ಮುಗಿಯದ ನೀರು.

ಆದರೆ ಸಕ್ಷನ್ ಅನ್ನುವುದು ಸುಲಭದ ಆಟ ಅಲ್ಲ. ಪಂಪು ನೀರನ್ನು ಎಳೆಯುತ್ತದೆ ಅಂತ ನಾವು ಹೇಳುತ್ತೇವಲ್ಲ, ನಿಜವಾಗಿ ಅದು ಪೈಪಿನೊಳಗಿನ ಗಾಳಿ ತೆಗೆಯುತ್ತದೆ, ಹೊರಗಿನ ವಾತಾವರಣದ ಒತ್ತಡ ನೀರನ್ನು ಮೇಲೆ ತಳ್ಳುತ್ತದೆ. ಸಮುದ್ರ ಮಟ್ಟದಲ್ಲೇ ಈ ಒತ್ತಡ 10.3 ಮೀಟರ್ ನೀರಿಗೆ ಮಾತ್ರ ಸಮ. ಮೈಸೂರು ಸಮುದ್ರ ಮಟ್ಟದಿಂದ 770 ಮೀಟರ್ ಮೇಲಿದೆ, ಇಲ್ಲಿ ಅದು ಒಂಬತ್ತೂವರೆ ಮೀಟರಿಗೆ ಇಳಿಯುತ್ತದೆ. ಪೈಪಿನ ಘರ್ಷಣೆ, ಸಣ್ಣಪುಟ್ಟ ಸೋರಿಕೆ ಎಲ್ಲ ಕಳೆದರೆ ಏಳು ಮೀಟರ್ ದಾಟಿದ ಮೇಲೆ ಆಸೆ ಬಿಡುವುದು ಒಳ್ಳೆಯದು. ಮೂರು ಮೀಟರ್ ಒಳಗೆ ನೀರಿದ್ದರೆ ಪಂಪು ತನ್ನ ಪೂರ್ತಿ ಶಕ್ತಿ ತೋರಿಸುತ್ತದೆ. ಆದ್ದರಿಂದ ಗಾಡಿ ನಿಲ್ಲುವ ಜಾಗದಿಂದ ನೀರಿನ ಮಟ್ಟ ಎಷ್ಟು ಕೆಳಗೆ ಅನ್ನುವುದನ್ನು ಒಂದು ಹಗ್ಗಕ್ಕೆ ಕಲ್ಲು ಕಟ್ಟಿ ಇವತ್ತೇ ಅಳೆದಿಟ್ಟುಕೊಳ್ಳಿ.

ಸಿಬ್ಬಂದಿ ಸಕ್ಷನ್ ಹಾಕುವುದನ್ನು ಹತ್ತಿರ ನಿಂತು ನೋಡಿದರೆ ಎಷ್ಟು ಸೂಕ್ಷ್ಮ ಅಂತ ತಿಳಿಯುತ್ತದೆ. ತೊಡೆ ಗಾತ್ರದ, ಬಗ್ಗಿಸಲು ಮೊಂಡು ಹಿಡಿಯುವ ಪೈಪಿನ ತುಂಡುಗಳನ್ನು ನೆಲದ ಮೇಲೆ ಜೋಡಿಸಿ, ಸ್ಪ್ಯಾನರ್ ಹಾಕಿ ಬಿಗಿ ಮಾಡುತ್ತಾರೆ. ಒಂದು ವಾಷರ್ ಬಿಟ್ಟುಹೋದರೂ ಗಾಳಿ ಎಳೆದು ನೀರು ಏರುವುದೇ ಇಲ್ಲ. ತುದಿಗೆ ಲೋಹದ ಜಾಲರಿ, ಅದರ ಮೇಲೆ ಮಂಕರಿಯಂಥ ಇನ್ನೊಂದು ಬುಟ್ಟಿ. ಅಂತರಗಂಗೆ, ಪ್ಲಾಸ್ಟಿಕ್ ಚೀಲ, ಹೂವಿನ ಹಾರ ಏನೇ ತೇಲಿ ಬಂದರೂ ಬುಟ್ಟಿಗೆ ಸಿಕ್ಕಿಕೊಳ್ಳಲಿ, ಜಾಲರಿ ಕಟ್ಟದಿರಲಿ ಅಂತ. ಜಾಲರಿ ನೀರಿನೊಳಗೆ ಎರಡು ಅಡಿಯಾದರೂ ಮುಳುಗಿರಬೇಕು, ಇಲ್ಲದಿದ್ದರೆ ಸುಳಿ ಎದ್ದು ಗಾಳಿ ನುಗ್ಗುತ್ತದೆ. ತಳಕ್ಕೆ ತಾಗಿದರೆ ಹೂಳು ನುಗ್ಗುತ್ತದೆ. ಹಗ್ಗ ಹಿಡಿದ ಒಬ್ಬ ಅದನ್ನು ನಡುನೀರಿನಲ್ಲಿ ತೂಗಾಡಿಸಿಕೊಂಡು ನಿಂತಿರುತ್ತಾನೆ. ಇನ್ನೊಬ್ಬ ಪೈಪಿನ ಗಾಳಿ ತೆಗೆಯುವ ಪ್ರೈಮರ್ ಚಾಲು ಮಾಡಿ ವ್ಯಾಕ್ಯೂಮ್ ಗೇಜ್ ನೋಡುತ್ತಾನೆ. ಮುಳ್ಳು ಏರಿ ನಿಂತು, ಪಂಪಿನ ಸದ್ದು ಇದ್ದಕ್ಕಿದ್ದಂತೆ ಭಾರ ಆದರೆ ನೀರು ಹಿಡಿಯಿತು ಅಂತ ಅರ್ಥ.

ನಾಲೆಯ ಪಕ್ಕ ತಡೆಗೋಡೆ ಇರುವ ಕಡೆ ಇನ್ನೊಂದು ಸಮಸ್ಯೆ. ಪೈಪು ಗೋಡೆ ಹತ್ತಿ ಇಳಿದರೆ ಆ ಏರಿನಲ್ಲಿ ಗಾಳಿ ಗುಳ್ಳೆ ಕೂತುಬಿಡುತ್ತದೆ. ಪೈಪು ನೀರಿನಿಂದ ಪಂಪಿನವರೆಗೆ ಏರುತ್ತಲೇ ಹೋಗಬೇಕು, ನಡುವೆ ಗೂನು ಇರಬಾರದು. ಹಾಗಂತ ಗೋಡೆ ಬೇಡ ಅನ್ನುವಂತಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲೂಕಿನ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಉರುಳಿ 30 ಜನ ಸತ್ತಿದ್ದನ್ನು ಈ ಕಡೆಯವರು ಮರೆತಿಲ್ಲ. ನೀರು ತುಂಬಿದ ಹತ್ತು ಟನ್ನಿನ ಗಾಡಿಯನ್ನು ರಾತ್ರಿ ಹೊತ್ತು ಮೆತ್ತನೆ ಏರಿಯ ಅಂಚಿಗೆ ಒಯ್ಯಬೇಡಿ. ಸೇತುವೆ ಪಕ್ಕ ಗಟ್ಟಿ ನೆಲದಲ್ಲಿ, ಗೋಡೆಗೆ ಒಂದು ಕಿಂಡಿ ಬಿಡಿಸಿ ಜಾಗ ಗೊತ್ತು ಮಾಡಿಸುವುದು ಸರಿಯಾದ ದಾರಿ. ಇದಕ್ಕೆ ನೀರಾವರಿ ನಿಗಮದ ಒಪ್ಪಿಗೆ ಬೇಕು, ಓಡಾಡಬೇಕಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ನಾಲೆಗೆ ನೀರು ಬಿಡುವುದು ಕಟ್ಟು ಪದ್ಧತಿಯಲ್ಲಿ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತಾರೆ. ಭತ್ತ ಕಟಾವಾಗಿ ಮನೆ ಮನೆ ಮುಂದೆ ಮೆದೆ ಏಳುವುದು, ಕಬ್ಬಿನ ತರಗು ಒಣಗಿ ಗರಿಗರಿ ಆಗುವುದು, ಬಿಸಿಲು ಏರುವುದು ಎಲ್ಲ ಒಟ್ಟಿಗೆ. ನಾಲೆಗೆ ನೀರು ನಿಲ್ಲುವುದೂ ಆಗಲೇ. 2023ರಲ್ಲಂತೂ ಕೆ.ಆರ್.ಎಸ್. ಅಣೆಕಟ್ಟೆ ತನ್ನ ಪೂರ್ತಿ ಮಟ್ಟ 124.80 ಅಡಿ ತಲುಪಲೇ ಇಲ್ಲ, ಮುಂದಿನ ಬೇಸಿಗೆಯಲ್ಲಿ ನಾಲೆ ನಂಬಿಕೊಂಡವರಿಗೆ ನೆಲ ಕಾಣಿಸಿತು. ಹೀಗೆ ಕೈಕೊಡುವುದು ನಮ್ಮ ನಾಲೆ ಮಾತ್ರ ಅಲ್ಲ. 1940ರ ಡಿಸೆಂಬರ್ 29ರ ರಾತ್ರಿ ಲಂಡನ್ ಮೇಲೆ ಬಾಂಬು ಬಿದ್ದು ನೀರಿನ ಪೈಪುಗಳು ಒಡೆದಾಗ ಥೇಮ್ಸ್ ನದಿಯಲ್ಲಿ ಇಳಿತ. ಕಣ್ಣೆದುರೇ ಹೊಳೆ ಇದ್ದೂ ಸಕ್ಷನ್ ಪೈಪು ಕೆಸರಿನಲ್ಲಿ ಕೂತಿತು. ಆಮೇಲೆ ಅಲ್ಲಿಯವರು ಬಾಂಬಿಗೆ ಬಿದ್ದ ಕಟ್ಟಡಗಳ ನೆಲಮಾಳಿಗೆಗಳಲ್ಲೇ ನೀರು ತುಂಬಿಸಿಟ್ಟುಕೊಂಡರು.

ಕೆರೆಗಳ ಕತೆ ಊರಿಂದ ಊರಿಗೆ ಬೇರೆ. ತೊಣ್ಣೂರು ಕೆರೆಯಂಥ ದೊಡ್ಡ ನೀರು ಹತ್ತಿರ ಇರುವವರು ಅದೃಷ್ಟವಂತರು. ಸಣ್ಣ ಕಟ್ಟೆಗಳಲ್ಲಿ ಏಪ್ರಿಲ್ ಹೊತ್ತಿಗೆ ನೀರು ನಡುವಿಗೆ ಸರಿದು, ದಡದಿಂದ ಮೂವತ್ತು ನಲವತ್ತು ಅಡಿ ಬರೀ ಕೆಸರು. ಗಾಡಿ ಅಲ್ಲಿಗೆ ಹೋಗುವುದಿಲ್ಲ, ಪೈಪು ಅಷ್ಟು ದೂರ ಎಟಕುವುದಿಲ್ಲ. ಇಬ್ಬರು ಹೊತ್ತೊಯ್ಯುವ ಪೋರ್ಟಬಲ್ ಪಂಪು, ಇಲ್ಲವೇ ನೀರಿನ ಮೇಲೆ ತೇಲುವ ಪಂಪು ಇದ್ದರೆ ಮಾತ್ರ ಉಪಯೋಗ. ನಿಮಿಷಕ್ಕೆ 275 ಲೀಟರಿನ ಪೋರ್ಟಬಲ್ ಪಂಪು ನಮ್ಮ ದೇಶದ ಅಗ್ನಿಶಾಮಕ ದಳಗಳಿಗೆ ಹಳೇ ಪರಿಚಯ. ನಿಮ್ಮ ಠಾಣೆಯಲ್ಲಿ ಇದೆಯಾ ಅಂತ ಕೇಳಿ ತಿಳಿದುಕೊಳ್ಳಿ.

ಹೋಸ್ ಜೋಡಿಸಿ ದೂರ ತಳ್ಳುವುದು

ನೀರು ಅರ್ಧ ಕಿಲೋಮೀಟರ್ ಒಳಗಿದ್ದರೆ ಟ್ಯಾಂಕರ್ ಓಡಿಸುವುದಕ್ಕಿಂತ ಹೋಸ್ ಎಳೆಯುವುದು ಮೇಲು ಅನ್ನಿಸುತ್ತದೆ. ಇಲ್ಲಿ ಶತ್ರು ಘರ್ಷಣೆ. 63 ಮಿ.ಮೀ. ಹೋಸಿನಲ್ಲಿ ನಿಮಿಷಕ್ಕೆ 450 ಲೀಟರ್ ಹರಿಸಿದರೆ 100 ಮೀಟರಿಗೆ ಹೆಚ್ಚುಕಡಿಮೆ 0.9 ಕೆ.ಜಿ. ಒತ್ತಡ ಕಳೆದುಹೋಗುತ್ತದೆ. ಅದನ್ನೇ 900 ಲೀಟರಿಗೆ ಏರಿಸಿದರೆ 3.7 ಕೆ.ಜಿ. ಹರಿವು ಎರಡರಷ್ಟು, ನಷ್ಟ ನಾಲ್ಕರಷ್ಟು. ಅಂದರೆ 7 ಕೆ.ಜಿ. ಒತ್ತಡದಲ್ಲಿ ತಳ್ಳಿದ 900 ಲೀಟರ್ ಒಂದೇ ಹೋಸಿನಲ್ಲಿ 200 ಮೀಟರ್ ತಲುಪುವುದರೊಳಗೆ ಸುಸ್ತು. ಜೋಡಿ ಸಾಲು ಹಾಕಿ ಒಂದೊಂದರಲ್ಲಿ 450 ಬಿಟ್ಟರೆ 600 ಮೀಟರ್ ಆರಾಮಾಗಿ ಹೋಗುತ್ತದೆ. ದಿಣ್ಣೆ ಹತ್ತಬೇಕಾದರೆ ಪ್ರತಿ 10 ಮೀಟರ್ ಎತ್ತರಕ್ಕೆ ಒಂದು ಕೆ.ಜಿ. ಕಳೆಯಿರಿ.

ಆದರೆ ಹೋಸ್ ಒಂದೊಂದು 15 ಮೀಟರ್. 300 ಮೀಟರಿಗೆ ಜೋಡಿ ಸಾಲು ಅಂದರೆ 40 ಹೋಸ್. ಒಂದು ಗಾಡಿಯಿಂದ ಆಗುವ ಮಾತಲ್ಲ. ಸಾಲು ರಸ್ತೆ ದಾಟಿದರೆ ಟ್ರಾಫಿಕ್ ನಿಲ್ಲಿಸಬೇಕು, ಎತ್ತಿನ ಗಾಡಿ ಹತ್ತಿದರೂ ಹೋಸ್ ಹರಿಯುತ್ತದೆ. ಸಕ್ಕರೆ ಕಾರ್ಖಾನೆಯ ಅಂಗಳದಂಥ ಜಾಗದಲ್ಲಿ ಎರಡು ಮೂರು ಗಾಡಿ ಬಂದಾಗ ಇದು ಸರಿ. ಹಳ್ಳಿಗೆ ಹೆಚ್ಚು ಕೆಲಸಕ್ಕೆ ಬರುವುದಿಲ್ಲ.

ಡ್ರೈ ಹೈಡ್ರೆಂಟ್

ಅಮೆರಿಕದ ಹಳ್ಳಿಗಳಲ್ಲಿ ಕೆರೆ ದಡದ ರಸ್ತೆಯಲ್ಲಿ ಒಂದು ದಪ್ಪ ಪೈಪು ತಲೆ ಎತ್ತಿ ನಿಂತಿರುತ್ತದೆ. ಸಾಮಾನ್ಯವಾಗಿ ಆರು ಇಂಚಿನ ಪಿವಿಸಿ ಪೈಪು. ನೆಲದಡಿ ಹಾದು ಕೆರೆಯೊಳಗೆ ಜಾಲರಿಯಲ್ಲಿ ಮುಗಿಯುತ್ತದೆ. ಅದರಲ್ಲಿ ಒತ್ತಡ ಇಲ್ಲ. ಗಾಡಿ ಗಟ್ಟಿ ರಸ್ತೆಯಲ್ಲೇ ನಿಂತು ಸಕ್ಷನ್ ಸಿಕ್ಕಿಸಿ ಹೀರಿಕೊಳ್ಳುತ್ತದೆ. ಮೇಲೆ ಹೇಳಿದ ಏರಿಯ ಅಂಚು, ಕೆಸರು, ಹಗ್ಗ ಹಿಡಿದ ಮನುಷ್ಯ ಯಾವುದೂ ಬೇಕಿಲ್ಲ.

ಮಂಡ್ಯ ಸೀಮೆಯ ದೊಡ್ಡ ಕೆರೆಗಳಿಗೆ ಇದು ತುಂಬಾ ಹೊಂದುತ್ತದೆ ಅಂತ ನನ್ನ ಅಭಿಪ್ರಾಯ. ಖರ್ಚು ಪೈಪು ಮತ್ತು ಜೆಸಿಬಿಯದು. ಬೇಸಿಗೆಯಲ್ಲಿ ಕೆರೆ ಇಳಿದಾಗಲೇ ಹೂಳಿಸಿದರೆ ನೀರಿನ ಕನಿಷ್ಠ ಮಟ್ಟವೂ ಗೊತ್ತಾಗುತ್ತದೆ, ಜಾಲರಿಯನ್ನು ಅದಕ್ಕಿಂತ ಕೆಳಗೆ ಇಡಬಹುದು. ಎರಡು ಅಡಚಣೆ ಇವೆ. ಹೂಳು ಬಂದು ಜಾಲರಿ ಮುಚ್ಚುತ್ತದೆ, ಅದಕ್ಕೆ ವರ್ಷಕ್ಕೊಮ್ಮೆಯಾದರೂ ಗಾಡಿಯಿಂದ ಉಲ್ಟಾ ನೀರು ತಳ್ಳಿ ತೊಳೆಯಬೇಕು. ಇನ್ನೊಂದು, ಹಿತ್ತಾಳೆ ಮುಚ್ಚಳ ಹಾಕಿದರೆ ತಿಂಗಳೊಳಗೆ ಗುಜರಿ ಅಂಗಡಿ ಸೇರುತ್ತದೆ. ಪ್ಲಾಸ್ಟಿಕ್ಕಿನದೇ ಹಾಕಿಸಿ. ಹೂಳಿಸುವ ಮೊದಲು ಠಾಣೆಯವರನ್ನು ಕರೆದು ಅವರ ಸಕ್ಷನ್ ಪೈಪಿನ ಅಳತೆಯ ಕಪ್ಲಿಂಗ್ ಯಾವುದು ಅಂತ ಕೇಳಿ. ಸಾಮಾನ್ಯವಾಗಿ 100 ಮಿ.ಮೀ. ಇರುತ್ತದೆ, ಆದರೂ ಕೇಳಿ.

ಓವರ್‌ಹೆಡ್ ಟ್ಯಾಂಕ್ ಮತ್ತು ಸಂಪು

ನನ್ನನ್ನು ಕೇಳಿದರೆ ನಮ್ಮ ಹಳ್ಳಿಗಳಿಗೆ ಮೊದಲ ಆಯ್ಕೆ ಇದೇ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್, ನಮ್ಮಲ್ಲಿ ಮನೆ ಮನೆಗೆ ಗಂಗೆ ಅನ್ನುವುದು, ಎಷ್ಟೋ ಊರಿಗೆ ಹೊಸ ಟ್ಯಾಂಕ್ ತಂದಿದೆ. ಹಳೆಯವೂ ಇವೆ. 50,000 ಲೀಟರಿನ ಟ್ಯಾಂಕ್ ತುಂಬಿದ್ದರೆ ಹನ್ನೊಂದು ಗಾಡಿ ನೀರು ಊರ ನಡುವೆಯೇ ನಿಂತಿದೆ. 12 ಮೀಟರ್ ಎತ್ತರದಿಂದ ತಾನಾಗಿ ಇಳಿಯುತ್ತದೆ. ಕರೆಂಟ್ ಬೇಡ, ಸಕ್ಷನ್ ಬೇಡ.

ಹಾಗಾದರೆ ತೊಂದರೆ ಏನು? ಗಾಡಿಗೆ ತುಂಬಿಸಲು ಸರಿಯಾದ ಬಾಯಿಯೇ ಇರುವುದಿಲ್ಲ. ಕೆಳಗೆ ಇರುವುದು ಒಂದು ಇಂಚಿನ ನಲ್ಲಿ. ಟ್ಯಾಂಕಿನ ತಳದಿಂದ ತೊಳೆಯುವ ನೀರು ಹೊರಬಿಡಲು ದಪ್ಪ ಪೈಪು ಇರುತ್ತದೆ, ಅದು ಚರಂಡಿಗೆ ಹೋಗುತ್ತದೆ. ಆ ಪೈಪಿನಿಂದಲೇ ನಾಲ್ಕು ಇಂಚಿನ ಕವಲು ತೆಗೆದು, ಒಂದು ಗೇಟ್ ವಾಲ್ವ್, ತುದಿಗೆ ಫೈರ್ ಹೋಸ್ ಸಿಕ್ಕುವ 63 ಮಿ.ಮೀ. ಕಪ್ಲಿಂಗ್ ಎರಡು ಹಾಕಿಸಿದರೆ ಗಾಡಿ ಐದಾರು ನಿಮಿಷಕ್ಕೆ ತುಂಬುತ್ತದೆ. ಟ್ರ್ಯಾಕ್ಟರ್ ಟ್ಯಾಂಕರಿಗಾಗಿ ಮೇಲಿಂದ ಬಾಗಿದ ಪೈಪೂ ಒಂದಿರಲಿ. ಪೈಪು ತಳದಿಂದ ಬರುವುದರಿಂದ ನಲ್ಲಿಯಲ್ಲಿ ನೀರು ನಿಂತ ಮೇಲೂ ಸ್ವಲ್ಪ ಉಳಿದಿರುತ್ತದೆ.

ನೀರುಗಂಟಿಯ ಕೈಯಲ್ಲಿ ಎಲ್ಲಾ ಇದೆ. ಬೆಳಗ್ಗೆ ಊರಿಗೆ ನೀರು ಬಿಟ್ಟು ಟ್ಯಾಂಕ್ ಖಾಲಿ ಮಾಡಿ, ಮತ್ತೆ ಏರಿಸುವುದು ಸಂಜೆಗೆ ಅಂದರೆ ನಡುಹಗಲು, ಬೆಂಕಿಯ ಹೊತ್ತು, ಟ್ಯಾಂಕ್ ಬರಿದು. ಫೆಬ್ರವರಿಯಿಂದ ಮೇ ತನಕ ಬೆಳಗಿನ ನೀರು ಬಿಟ್ಟ ತಕ್ಷಣ ಮತ್ತೆ ಅರ್ಧ ಟ್ಯಾಂಕಾದರೂ ಏರಿಸಿಡುವುದು ರೂಢಿಯಾಗಲಿ. ವಾಲ್ವಿನ ಕೀಲಿ ಆತನ ಜೇಬಿನಲ್ಲಿದ್ದು ಆತ ಮಂಡ್ಯ ಸಂತೆಗೆ ಹೋಗಿದ್ದರೆ? ಇನ್ನೊಂದು ಕೀಲಿ ಹತ್ತಿರದ ಅಂಗಡಿಯಲ್ಲಿರಲಿ.

ಟ್ಯಾಂಕ್ ಇಲ್ಲದ ದೊಡ್ಡಿ, ಪಾಳ್ಯಗಳಿಗೆ ರಸ್ತೆ ಪಕ್ಕ ನೆಲದೊಳಗಿನ ಸಂಪು. 5 ಮೀಟರ್ ಉದ್ದ, 4 ಮೀಟರ್ ಅಗಲ, 2 ಮೀಟರ್ ಆಳ ಇದ್ದರೆ 40,000 ಲೀಟರ್. ಆಳ ಕಡಿಮೆ ಇರುವುದೇ ಒಳ್ಳೆಯದು, ಸಕ್ಷನ್ ಸುಲಭ. ಮಳೆ ನೀರಿನಿಂದಲೇ ತುಂಬಿಸಬಹುದು, ಕುಡಿಯುವ ನೀರೇ ಆಗಬೇಕಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಕಾಡ್ಗಿಚ್ಚಿನ ಪ್ರದೇಶದ ಮನೆಗಳವರು ಬೆಂಕಿಗೆಂದೇ ನೀರು ಎತ್ತಿಟ್ಟು, ಅಗ್ನಿಶಾಮಕ ದಳದ 65 ಮಿ.ಮೀ. ಕಪ್ಲಿಂಗ್ ಹಾಕಿ, ಗೇಟಿನ ಹತ್ತಿರ ಇಲ್ಲಿ ನೀರಿದೆ ಅಂತ ಫಲಕ ಹಾಕಿಸುತ್ತಾರೆ. ಆ ಫಲಕದ ಉಪಾಯ ನಾವು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು.

ಬಾವಿ, ಕೃಷಿ ಹೊಂಡ, ಕೊಳವೆ ಬಾವಿ

ಕೃಷಿ ಹೊಂಡ ನೋಡಲು ಸಣ್ಣದು, ಲೆಕ್ಕಕ್ಕೆ ದೊಡ್ಡದು. ಮೇಲೆ 12 ಮೀಟರ್, ತಳದಲ್ಲಿ 6 ಮೀಟರ್ ಚೌಕ, 3 ಮೀಟರ್ ಆಳ ಅಂದರೆ ಎರಡೂವರೆ ಲಕ್ಷ ಲೀಟರ್. ನಾಗಮಂಗಲ, ಕೆ.ಆರ್.ಪೇಟೆ ಕಡೆಯ ಮಳೆಯಾಶ್ರಿತ ಭೂಮಿಯಲ್ಲಿ ಇದೇ ಹತ್ತಿರದ ನೀರು. ಗಾಡಿ ಹೊಂಡದ ಪಕ್ಕಕ್ಕೆ ಹೋಗುವ ದಾರಿ ಇದೆಯಾ, ಏಪ್ರಿಲ್‌ನಲ್ಲಿ ನೀರು ಉಳಿದಿರುತ್ತದಾ, ಇವೆರಡೇ ಪ್ರಶ್ನೆ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಮಾತ್ರ ಯಾರೂ ಇಳಿಯಬಾರದು. ಜಾರಿದರೆ ಈಜು ಬಂದವರಿಗೂ ಹತ್ತಲು ಹಿಡಿತ ಸಿಗುವುದಿಲ್ಲ.

ತೆರೆದ ಬಾವಿಯಲ್ಲಿ ನೀರು ಏಳು ಮೀಟರಿಗಿಂತ ಕೆಳಗಿದ್ದರೆ ಬಿಟ್ಟುಬಿಡಿ. ಕೊಳವೆ ಬಾವಿಯನ್ನು ನೇರ ನಂಬಲೇಬೇಡಿ, ತ್ರೀ ಫೇಸ್ ಕರೆಂಟ್ ಇರುವುದೇ ದಿನದಲ್ಲಿ ಕೆಲವು ಗಂಟೆ. ಬೆಂಕಿ ಬಿದ್ದಾಗ ಲೈನು ತೆಗೆಸುವುದೂ ಉಂಟು. ಸಂಪು ತುಂಬಿಸಿಡಲು ಮಾತ್ರ ಅದು ಸರಿ.

ಮೈಸೂರಿನ ಬಡಾವಣೆಯವರಿಗೆ

ನಿಮ್ಮ ಸುತ್ತ ನೀರು ಬಚ್ಚಿಟ್ಟುಕೊಂಡಿದೆ. ದೊಡ್ಡ ಆಸ್ಪತ್ರೆ, ಕಲ್ಯಾಣ ಮಂಟಪ, ಅಪಾರ್ಟ್‌ಮೆಂಟ್, ಫ್ಯಾಕ್ಟರಿಗಳಲ್ಲಿ ಬೆಂಕಿಗೆಂದೇ ನೆಲದಡಿ ಟ್ಯಾಂಕ್ ಇರುತ್ತದೆ. ಸಂಘದವರು ಹೋಗಿ ಒಂದು ಮಾತು ಮಾಡಿಕೊಂಡರೆ ಪಕ್ಕದ ಬೀದಿಗೂ ಒದಗುತ್ತದೆ, ತೆಗೆದಷ್ಟನ್ನು ಅಂದೇ ತುಂಬಿಸಿಕೊಡುತ್ತೇವೆ ಅನ್ನುವ ಷರತ್ತಿನ ಮೇಲೆ. ಉದ್ಯಾನದ ಸಂಪನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕುಕ್ಕರಹಳ್ಳಿ, ಲಿಂಗಾಂಬುಧಿ ಕೆರೆಗಳಿಗೆ ಗಾಡಿ ಹೋಗುವ ಗೇಟು ಯಾವುದು, ರಾತ್ರಿ ಬೀಗದ ಕೈ ಯಾರ ಹತ್ತಿರ ಅಂತ ತಿಳಿದಿರಲಿ. ನೀರಿಗಿಂತ ಮೊದಲು ಅಡ್ಡಿ ಆಗುವುದು ಬೀದಿಯ ಎರಡೂ ಕಡೆ ನಿಲ್ಲಿಸಿದ ಕಾರು, ಅದನ್ನು ಯಾವ ಹೈಡ್ರೆಂಟೂ ಸರಿ ಮಾಡಲ್ಲ.

ಕಡಿಮೆ ನೀರಿನಲ್ಲಿ ಕೆಲಸ

ನೀರು ತರುವುದರ ಜೊತೆಗೆ ನೀರು ಉಳಿಸುವುದೂ ಒಂದು ಆಯ್ಕೆ. ಮೆದೆಯ ಮೇಲೆ ಎಷ್ಟು ನೀರು ಹೊಡೆದರೂ ಹೊರ ಮೈ ನೆನೆದು ಹರಿದುಹೋಗುತ್ತದೆ, ಒಳಗೆ ಕೆಂಡ ಹಾಗೇ ಇರುತ್ತದೆ. ಜೆಸಿಬಿಯಿಂದ ಎಳೆದು ಹರಡಿ, ಹರಡಿದ್ದನ್ನು ಹೋಸ್ ರೀಲಿನಿಂದ ನೆನೆಸಿದರೆ ನೀರು ಎಷ್ಟೋ ಉಳಿಯುತ್ತದೆ. ಆಲೆಮನೆಯ ಕಬ್ಬಿನ ರಚ್ಚಿನ ರಾಶಿಗೂ, ತೆಂಗಿನ ನಾರಿಗೂ ಇದೇ ಮಾತು. ನೊರೆ ದ್ರಾವಣ ಬೆರೆಸಿದರೆ ನೀರು ಒಳಗೆ ಇಳಿಯುತ್ತದೆ, ಠಾಣೆಯಲ್ಲಿದ್ದರೆ ಬಳಸುತ್ತಾರೆ. ಕಬ್ಬಿನ ಗದ್ದೆಯಲ್ಲಿ ಗಾಳಿ ಬೀಸುವ ಕಡೆ, ಬೆಂಕಿಗಿಂತ ಮುಂದೆ, ಟ್ರ್ಯಾಕ್ಟರ್ ಬಿಟ್ಟು ಕಬ್ಬಿನ ಒಂದು ಪಟ್ಟೆ ಅಡ್ಡಕ್ಕೆ ಉರುಳಿಸುವುದು ಮೂರು ಟ್ಯಾಂಕರ್ ನೀರಿಗೆ ಸಮ. ಬೆಂಕಿಯ ಹತ್ತಿರ ಕರೆಂಟ್ ತಂತಿ ಇದ್ದರೆ ವಿದ್ಯುತ್ ಕಂಪನಿ ಸೆಸ್ಕ್‌ನವರು ಲೈನು ತೆಗೆಯುವ ತನಕ ಯಾರೂ ನೀರು ಎರಚಬಾರದು.

ಯಾವ ಊರಿಗೆ ಯಾವುದು

ನಾಲೆ ಬಯಲಿನ ಊರು, ಅಂದರೆ ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ, ಪಾಂಡವಪುರದ ಕಡೆ: ಓವರ್‌ಹೆಡ್ ಟ್ಯಾಂಕಿಗೆ ದಪ್ಪ ಕವಲು ಮೊದಲು, ನಾಲೆ ಸೇತುವೆ ಹತ್ತಿರ ಸಕ್ಷನ್ ಜಾಗ ಎರಡನೆಯದು. ಉಲ್ಟಾ ಮಾಡಬೇಡಿ, ನಾಲೆ ಬೇಸಿಗೆಯಲ್ಲಿ ಕೈಕೊಡುತ್ತದೆ. ವರ್ಷವಿಡೀ ನೀರಿರುವ ಕೆರೆ ಪಕ್ಕದವರು ಡ್ರೈ ಹೈಡ್ರೆಂಟ್ ಹಾಕಿಸಿ, ಬೇರೆ ಯೋಚನೆಯೇ ಬೇಡ. ನಾಗಮಂಗಲದಂಥ ಒಣ ಸೀಮೆಗೆ ಸಂಪು ಮತ್ತು ಟ್ರ್ಯಾಕ್ಟರ್ ಟ್ಯಾಂಕರಿನವರ ಫೋನ್ ನಂಬರಿನ ಪಟ್ಟಿ. ಆಲೆಮನೆ, ನಾರಿನ ಫ್ಯಾಕ್ಟರಿ ಇಟ್ಟವರು ಪಂಚಾಯಿತಿಗೆ ಕಾಯದೆ ಸ್ವಂತ ಸಂಪು ಕಟ್ಟಿಸಿ, ರಾಶಿಯಿಂದ ದೂರದಲ್ಲಿ, ಗಾಡಿ ನಿಲ್ಲುವಷ್ಟು ಜಾಗ ಬಿಟ್ಟು. ರಾಶಿ ಪಕ್ಕವೇ ಕಟ್ಟಿದ ಸಂಪಿನ ಹತ್ತಿರ ಬೆಂಕಿ ಬಿದ್ದ ದಿನ ಯಾರೂ ಹೋಗಲಾರರು. ಹೊಸ ಟ್ಯಾಂಕರ್ ಕೊಳ್ಳುವ ಮಾತು ಇವೆಲ್ಲ ಆದಮೇಲೆ.

ಏನೇ ಮಾಡಿಸಿದರೂ ಮಾರ್ಚ್ ಮೊದಲ ವಾರದಲ್ಲಿ ಠಾಣೆಯವರನ್ನು ಕರೆದು ಒಂದು ಸಲ ಗಾಡಿ ತುಂಬಿಸಿ ನೋಡಿ. ಕೈಯಲ್ಲಿ ಗಡಿಯಾರ ಇರಲಿ. ಹತ್ತು ನಿಮಿಷ ದಾಟಿದರೆ ಪೈಪು ಸಣ್ಣದಾಯಿತು ಅಂತಲೇ ಅರ್ಥ, ಬೇಸಿಗೆ ಏರುವ ಮೊದಲು ಸರಿ ಮಾಡಿಸಿ. ಆಮೇಲೆ 101 ಅಥವಾ 112ಕ್ಕೆ ಫೋನ್ ಮಾಡುವವರು ಊರು, ದಾರಿ, ಏನು ಉರಿಯುತ್ತಿದೆ ಅನ್ನುವುದರ ಜೊತೆಗೆ ಇನ್ನೊಂದು ಮಾತು ಸೇರಿಸಲಿ: ನೀರು ಇಂಥ ಕಡೆ ಇದೆ, ಇಷ್ಟಿದೆ, ವಾಲ್ವ್ ತೆಗೆಯಲು ಇಂಥವರು ನಿಂತಿದ್ದಾರೆ. ಅಷ್ಟು ತಿಳಿದರೆ ಎರಡನೇ ಗಾಡಿಯನ್ನು ಕಳಿಸಬೇಕಾ ಬೇಡವಾ ಅಂತ ಅವರು ಠಾಣೆ ಬಿಡುವಾಗಲೇ ತೀರ್ಮಾನ ಮಾಡುತ್ತಾರೆ.